ಆಂಬುಲೆನ್ಸ್ ಬರುವ ಮೊದಲಿನ ನಿಮಿಷಗಳು

ನಾಯಿಯ ಎದೆಯ ಮೇಲೆ ತಾಮ್ರದ ಎರಡು ಪ್ಯಾಡಲ್‌ಗಳನ್ನು ಒತ್ತಿ ಹಿಡಿದಿದ್ದ ವಿದ್ಯಾರ್ಥಿ ಇನ್ನೂ ಸ್ವಿಚ್ ಹಾಕಿರಲಿಲ್ಲ. ಆದರೂ ರಕ್ತದೊತ್ತಡದ ಗೆರೆ ಸಣ್ಣಗೆ ಎದ್ದು ಇಳಿಯಿತು. ಆ ನಾಯಿಯ ಹೃದಯ ಬಡಿಯುತ್ತಿರಲಿಲ್ಲ, ಬರೀ ಅದುರುತ್ತಿತ್ತು. ಅದುರುವ ಹೃದಯ ರಕ್ತ ದೂಡದು. ರಕ್ತ ಓಡದೆ ಒತ್ತಡ ಏಳದು. ಮತ್ತೆ ಗೆರೆ ಎದ್ದದ್ದು ಎಲ್ಲಿಂದ?

ಇದು 1958ರ ಮಾತು. ಊರು ಅಮೆರಿಕದ ಬಾಲ್ಟಿಮೋರ್, ಜಾಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ. ವಿದ್ಯಾರ್ಥಿಯ ಹೆಸರು ಗೈ ನಿಕರ್‌ಬಾಕರ್. ಅವನು ಓದುತ್ತಿದ್ದುದು ವೈದ್ಯಕೀಯವಲ್ಲ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್.

ಎಂಜಿನಿಯರಿಂಗ್ ಹುಡುಗನಿಗೆ ನಾಯಿಯ ಎದೆಯ ಹತ್ತಿರ ಏನು ಕೆಲಸ ಎಂದರೆ, ಅದರ ಹಿಂದೆ ಕಂಬ ಹತ್ತಿ ಸತ್ತ ಲೈನ್‌ಮನ್‌ಗಳಿದ್ದಾರೆ. ಊರೂರಿಗೆ ವಿದ್ಯುತ್ ಬಂದ ಹಾಗೆ ತಂತಿಯ ಕೆಲಸದವರು ಶಾಕ್ ಹೊಡೆದು ಸಾಯುವುದೂ ಹೆಚ್ಚಿತ್ತು. ಎಷ್ಟೋ ಸಲ ಮೈಮೇಲೆ ದೊಡ್ಡ ಗಾಯವೇ ಇರುತ್ತಿರಲಿಲ್ಲ. ಇದು ಹೇಗೆ, ಇದಕ್ಕೆ ಮದ್ದೇನು ಎಂದು ತಿಳಿಯಲು ವಿದ್ಯುತ್ ಉದ್ಯಮದವರು ಹಣ ಕೊಟ್ಟರು. ಹಾಪ್ಕಿನ್ಸ್‌ನ ಎಂಜಿನಿಯರಿಂಗ್ ಪ್ರಾಧ್ಯಾಪಕ ವಿಲಿಯಂ ಕೌವೆನ್‌ಹೋವೆನ್ 1920ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ಮೂವತ್ತು ವರ್ಷ ಬಿಡಲಿಲ್ಲ.

ಸಣ್ಣ ಕರೆಂಟು ಗುಂಡಿಗೆಗೆ ಏನು ಮಾಡುತ್ತದೆ ಎಂಬುದನ್ನು ತೇರಿನ ಹೋಲಿಕೆಯಲ್ಲಿ ಹೇಳಿದರೆ ಸುಲಭ. ನೂರು ಜನ ಒಂದೇ ಕೂಗಿಗೆ ಹಗ್ಗ ಜಗ್ಗಿದರೆ ತೇರು ಹೊರಡುತ್ತದೆ. ಆ ನೂರು ಜನ ತಮಗೆ ತೋಚಿದ ಹೊತ್ತಿಗೆ ತೋಚಿದ ಕಡೆಗೆ ಎಳೆದರೆ ತೇರು ನಿಂತಲ್ಲೇ ನಡುಗುತ್ತದೆ. ಶಾಕ್ ತಗುಲಿದ ಹೃದಯದ ತಂತುಗಳೂ ಹೀಗೆಯೇ: ಎಲ್ಲವೂ ದುಡಿಯುತ್ತಿರುತ್ತವೆ, ಒಂದು ಹನಿ ರಕ್ತ ಮುಂದೆ ಹೋಗುವುದಿಲ್ಲ. ಆಗ ಇನ್ನೊಂದು ದೊಡ್ಡ ಶಾಕ್ ಕೊಟ್ಟರೆ ಎಲ್ಲರೂ ಒಮ್ಮೆಲೇ ಹಗ್ಗ ಬಿಟ್ಟ ಹಾಗೆ ಹೃದಯ ಅರೆಕ್ಷಣ ಸುಮ್ಮನಾಗುತ್ತದೆ, ಮತ್ತೆ ಒಟ್ಟಿಗೆ ಹಿಡಿಯುತ್ತದೆ. ಆ ದೊಡ್ಡ ಶಾಕ್ ಕೊಡುವ ಯಂತ್ರವೇ ಡಿಫಿಬ್ರಿಲೇಟರ್. 1947ರಲ್ಲಿ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ 14 ವರ್ಷದ ಹುಡುಗನೊಬ್ಬನನ್ನು ಹೀಗೆ ಉಳಿಸಿದ್ದರು. ಆದರೆ ಆ ಹುಡುಗನ ಎದೆ ಆಗಲೇ ತೆರೆದಿತ್ತು, ಶಾಕ್ ನೇರವಾಗಿ ಹೃದಯಕ್ಕೇ ಹೋಯಿತು. ಕಂಬದ ಕೆಳಗೆ ಬಿದ್ದ ಲೈನ್‌ಮನ್‌ನ ಎದೆ ಕೊಯ್ಯುವವರು ಯಾರು? ಚರ್ಮದ ಮೇಲಿನಿಂದಲೇ ಶಾಕ್ ಕೊಡುವ ಯಂತ್ರ ಕೌವೆನ್‌ಹೋವೆನ್ ಅವರ ಹಟವಾಯಿತು. 1957ರಲ್ಲಿ ಯಂತ್ರ ಸಿದ್ಧವಾಯಿತು. ತೂಕ ಸುಮಾರು 90 ಕಿಲೋ. ಅದರ ಪ್ಯಾಡಲ್‌ಗಳೂ ಭಾರ. ಎದೆಗೆ ಗಟ್ಟಿಯಾಗಿ ಅದುಮಿ ಹಿಡಿಯಬೇಕು.

ಆ ಅದುಮುವಿಕೆಯೇ ಗೆರೆಯನ್ನು ಎಬ್ಬಿಸಿತ್ತು. ಪ್ರಯೋಗದಲ್ಲಿ ಇಂಥ ಅಡ್ಡಗೆರೆಗಳು ದಿನವೂ ಬರುತ್ತವೆ. ಕೈ ತಾಗಿತು, ತಂತಿ ಅಲುಗಿತು ಎಂದು ಬಿಟ್ಟುಬಿಟ್ಟಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ, ಏಕೆಂದರೆ ಅವನು ಹುಡುಕುತ್ತಿದ್ದುದೇ ಬೇರೆ. ನಿಕರ್‌ಬಾಕರ್ ಬಿಡಲಿಲ್ಲ. ಕರೆಂಟು ಹರಿಸದೆಯೇ ಮತ್ತೆ ಒತ್ತಿದ, ಮತ್ತೆ ಗೆರೆ ಎದ್ದಿತು. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಸಲದ ಒತ್ತುವಿಕೆ. ಮೊದಲನೆಯದು ಆಕಸ್ಮಿಕ, ಎರಡನೆಯದರಲ್ಲಿ ಒಬ್ಬ ಮನುಷ್ಯನ ಕುತೂಹಲ ಇದೆ. ಎದೆಗೂಡಿನ ಹೊರಗಿನಿಂದ ಒತ್ತಿದರೆ ಒಳಗಿನ ನಿಂತ ಹೃದಯದಿಂದ ರಕ್ತ ಹೊರಡುತ್ತದೆ! ಹಾಗಾದರೆ ಒತ್ತುತ್ತಲೇ ಇದ್ದರೆ?

ಅದನ್ನು ನೋಡುವ ಸಂದರ್ಭವೂ ಬಂತು. ಒಂದು ದಿನ ನಾಯಿಯ ಹೃದಯ ತಾನಾಗಿಯೇ ಅದುರಲು ಶುರುವಾಯಿತು, ಆ ಭಾರದ ಯಂತ್ರ ನೋಡಿದರೆ ಬೇರೆ ಮಹಡಿಯಲ್ಲಿತ್ತು. ಅದನ್ನು ತರುವತನಕ ಕೈಯಿಂದ ಎದೆ ಒತ್ತುತ್ತಲೇ ಇದ್ದರು. ಸುಮ್ಮನೆ ಬಿಟ್ಟಿದ್ದರೆ ಸತ್ತೇ ಹೋಗಬೇಕಿದ್ದಷ್ಟು ಹೊತ್ತು ಕಳೆದ ಮೇಲೆ ಯಂತ್ರ ಬಂತು, ಶಾಕ್ ಕೊಟ್ಟರು, ನಾಯಿ ಬದುಕಿತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಇವರ ಜತೆಗೂಡಿದರು. ಎದೆಯ ಯಾವ ಭಾಗದಲ್ಲಿ, ಎಷ್ಟು ಆಳಕ್ಕೆ, ನಿಮಿಷಕ್ಕೆ ಎಷ್ಟು ಸಲ ಎಂಬುದನ್ನು ಒಂದೊಂದಾಗಿ ಗೊತ್ತುಮಾಡಿಕೊಂಡರು. ಎದೆಯ ನಡುಮೂಳೆಯ ಕೆಳಗಿನ ಅರ್ಧ, ಸೆಕೆಂಡಿಗೆ ಒಂದರಂತೆ ಎಂದು ಆಗ ಕಂಡುಕೊಂಡದ್ದು. ಈ ಲೆಕ್ಕಕ್ಕಾಗಿ ಹೋದ ನಾಯಿಗಳಿಗೆ ಯಾವ ಪ್ರಬಂಧದಲ್ಲೂ ಹೆಸರಿಲ್ಲ. ಇವತ್ತು ಎದ್ದು ಓಡಾಡುತ್ತಿರುವ ಎಷ್ಟೋ ಜನ ಅವುಗಳ ಋಣದಲ್ಲಿದ್ದಾರೆ.

ಆಗಿನ ಕಾಲದಲ್ಲಿ ಆಸ್ಪತ್ರೆಯೊಳಗೆ ಯಾರದಾದರೂ ಹೃದಯ ನಿಂತರೆ ವೈದ್ಯರಿಗೆ ಗೊತ್ತಿದ್ದ ದಾರಿ ಒಂದೇ. ಪಕ್ಕೆಲುಬಿನ ನಡುವೆ ಕೊಯ್ದು, ಕೈ ಒಳಗೆ ತೂರಿಸಿ, ಗುಂಡಿಗೆಯನ್ನೇ ಹಿಡಿದು ಹಿಂಡುವುದು. 1959ರ ಜುಲೈನಲ್ಲಿ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಬಂದ 35 ವರ್ಷದ ಹೆಂಗಸಿನ ಹೃದಯ ಅರಿವಳಿಕೆ ಕೊಡುತ್ತಿದ್ದಂತೆಯೇ ನಿಂತುಹೋಯಿತು. ಜೂಡ್ ಚಾಕು ಎತ್ತಲಿಲ್ಲ. ನಾಯಿಗಳ ಮೇಲೆ ಕಲಿತದ್ದನ್ನೇ ಆಕೆಯ ಎದೆಯ ಮೇಲೆ ಮಾಡಿದರು. ನಾಡಿ ಮರಳಿತು, ಶಸ್ತ್ರಚಿಕಿತ್ಸೆಯೂ ಮುಗಿಯಿತು, ಆಕೆ ಗುಣವಾಗಿ ಮನೆಗೆ ಹೋದಳು. ಮರುವರ್ಷ ಜುಲೈಯಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಮೂವರೂ ಸೇರಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. 20 ರೋಗಿಗಳ ಮೇಲೆ ಪ್ರಯೋಗಿಸಿದ್ದರು, 14 ಮಂದಿ ಉಳಿದಿದ್ದರು. ಈ ಕೆಲಸಕ್ಕೆ ಬೇಕಾದದ್ದು ಎರಡು ಕೈ, ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಶುರುಮಾಡಬಹುದು ಎಂಬ ಅರ್ಥದ ಮಾತನ್ನೂ ಅಲ್ಲಿ ಹೇಳಿದ್ದರು.

ಇಲ್ಲಿಗೆ ಆವಿಷ್ಕಾರದ ಕತೆ ಮುಗಿಯಿತು ಎಂದು ಪಠ್ಯಪುಸ್ತಕ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಇದೇ ವಿದ್ಯೆ ಇದಕ್ಕೂ ಮೊದಲೇ ಒಮ್ಮೆ ಸಿಕ್ಕಿ ಕಳೆದುಹೋಗಿತ್ತು. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ 1891ರಲ್ಲಿ ಫ್ರೀಡ್ರಿಕ್ ಮಾಸ್ ಎಂಬ ವೈದ್ಯ, ಕ್ಲೋರೋಫಾರ್ಮ್‌ನಿಂದ ಹೃದಯ ನಿಂತ ಹುಡುಗನೊಬ್ಬನ ಎದೆಯನ್ನು ಹೊರಗಿನಿಂದಲೇ ಬಿರಬಿರನೆ ಒತ್ತಿ ಉಳಿಸಿದ್ದರು. ಮರುವರ್ಷ ಅದನ್ನು ಬರೆದು ಪ್ರಕಟಿಸಿಯೂ ಇದ್ದರು. ಓದಿದವರು ಓದಿದರು, ಕೈಗೆ ಕಲಿಸಿದವರು ಇರಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಜಗತ್ತು ಎದೆ ಕೊಯ್ಯುತ್ತಲೇ ಇತ್ತು. ಕಂಡುಹಿಡಿದದ್ದು ಕಾಗದದ ಮೇಲೆ ಉಳಿದರೆ ಸಾಲದು, ಕೈಯಿಂದ ಕೈಗೆ ದಾಟದಿದ್ದರೆ ಅದು ಇದ್ದೂ ಇಲ್ಲ.

ಉಸಿರಿನ ಕತೆಯೂ ಅಷ್ಟೇ. ಮುಳುಗಿದವರನ್ನು ಬೋರಲು ಮಲಗಿಸಿ ಬೆನ್ನೊತ್ತುವುದು, ತೋಳು ಎತ್ತಿ ಇಳಿಸುವುದು ಇವೇ ದಶಕಗಳ ಕಾಲ ಕಲಿಸುತ್ತಿದ್ದ ಪ್ರಥಮ ಚಿಕಿತ್ಸೆ. ಬಾಯಿಗೆ ಬಾಯಿಟ್ಟು ಊದುವುದು ಸೂಲಗಿತ್ತಿಯರಿಗೆ ಹಿಂದಿನಿಂದಲೂ ಗೊತ್ತಿದ್ದ ಉಪಾಯ, ಆದರೆ ವೈದ್ಯರಿಗೆ ಅದು ಗೌರವದ ಕೆಲಸವಾಗಿ ಕಂಡಿರಲಿಲ್ಲ. ಜೇಮ್ಸ್ ಈಲಮ್ ಎಂಬ ಅರಿವಳಿಕೆ ವೈದ್ಯರು ಪೋಲಿಯೋ ವಾರ್ಡಿನಲ್ಲಿ ನೀಲಿಗಟ್ಟಿದ್ದ ಮಗುವಿಗೆ ತಮ್ಮ ಬಾಯಿಯಿಂದಲೇ ಉಸಿರು ಕೊಟ್ಟು ನೋಡಿದವರು. 1956ರಲ್ಲಿ ಅವರು ಒಂದು ಸಮ್ಮೇಳನದಿಂದ ಹಿಂದಿರುಗುವಾಗ ಕಾರಿನಲ್ಲಿ ಜತೆಯಾದವರು ವಿಯೆನ್ನಾದಲ್ಲಿ ಹುಟ್ಟಿ ಬಾಲ್ಟಿಮೋರ್‌ಗೆ ಬಂದಿದ್ದ ಪೀಟರ್ ಸಫಾರ್. ದಾರಿಯುದ್ದದ ಆ ಮಾತು ಸಫಾರ್ ತಲೆಯಲ್ಲಿ ಕೂತಿತು. ಅವರು ಮಾಡಿದ ಪ್ರಯೋಗಕ್ಕೆ ಇಂದು ಯಾವ ಸಮಿತಿಯೂ ಒಪ್ಪಿಗೆ ಕೊಡಲಾರದು. ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ತಾವಾಗಿ ಮುಂದೆ ಬಂದು ಮಲಗಿದರು. ನಿದ್ದೆಯ ಮದ್ದು ಕೊಟ್ಟು, ಉಸಿರಾಡುವ ಸ್ನಾಯುಗಳೂ ಸೇರಿ ಮೈಯೆಲ್ಲ ಸ್ತಬ್ಧವಾಗುವ ಚುಚ್ಚುಮದ್ದು ಕೊಟ್ಟರು. ಹಾಗೆ ಉಸಿರು ನಿಂತ ಮೈಗೆ, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ಜನ ಬಾಯಿಯಿಂದ ಉಸಿರು ಊದಿದರು, ಅವರಲ್ಲಿ ಸ್ಕೌಟ್ ಹುಡುಗರೂ ಇದ್ದರು. ಬೆನ್ನೊತ್ತುವ ಹಳೆಯ ವಿಧಾನದಲ್ಲಿ ನಾಲಿಗೆ ಗಂಟಲಿಗೆ ಅಡ್ಡ ಬಿದ್ದು ಗಾಳಿಯೇ ಹೋಗುತ್ತಿರಲಿಲ್ಲ ಎಂಬುದು ಗೊತ್ತಾಯಿತು. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ ಊದಿದರೆ ಎದೆ ಉಬ್ಬಿತು.

ಒಂದೇ ಊರಿನಲ್ಲಿ ಒಬ್ಬರು ಉಸಿರು ಹಿಡಿದು, ಇನ್ನೊಬ್ಬರು ಗುಂಡಿಗೆ ಹಿಡಿದು ಕೂತಿದ್ದರು. 1960ರ ಸೆಪ್ಟೆಂಬರ್ 16ರಂದು ಮೇರಿಲ್ಯಾಂಡಿನ ಓಷನ್ ಸಿಟಿಯಲ್ಲಿ ನಡೆದ ವೈದ್ಯರ ಸಭೆಯಲ್ಲಿ ಎರಡನ್ನೂ ಜೋಡಿಸಿ ಹೇಳಿದರು. ನಾವು ಇಂದು ಸಿಪಿಆರ್ ಎನ್ನುವುದು ಅದನ್ನೇ.

ಹುಡುಕಾಟದ ಎರಡನೆಯ ಅರ್ಧ ಇಲ್ಲಿಂದ ಶುರು. ಎರಡು ಕೈ ಸಾಕು ಎಂದಾಯಿತು, ಆದರೆ ಯಾರ ಕೈ? ವೈದ್ಯ ಸಂಸ್ಥೆಗಳು ಹಿಂಜರಿದವು. ಕಲಿಯದವರು ಪಕ್ಕೆಲುಬು ಮುರಿದಾರು, ಬದುಕಿದ್ದವನನ್ನೇ ಒತ್ತಿಯಾರು ಎಂಬ ಅಂಜಿಕೆ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕರೆದ ಸಮ್ಮೇಳನ ವೈದ್ಯರಿಗೂ ನರ್ಸ್‌ಗಳಿಗೂ ಅವರ ಜತೆ ಕೆಲಸ ಮಾಡುವವರಿಗೂ ಇದನ್ನು ಕಲಿಸಿ ಎಂದಿತು. ಸಾರ್ವಜನಿಕರಿಗೂ ಕಲಿಸಿ ಎನ್ನಲು 1973ರ ಸಮ್ಮೇಳನ ಬರಬೇಕಾಯಿತು. ಮಿದುಳು ರಕ್ತವಿಲ್ಲದೆ ತಾಳುವುದು ನಾಲ್ಕೈದು ನಿಮಿಷ, ಈ ತೀರ್ಮಾನಕ್ಕೆ ಹಿಡಿದದ್ದು 13 ವರ್ಷ.

ಆ ನಡುವಿನ ವರ್ಷಗಳಲ್ಲಿ ಅಮೆರಿಕದ ಆಂಬುಲೆನ್ಸ್ ಹೇಗಿತ್ತು ಎಂದು ತಿಳಿದರೆ ನಮ್ಮವರಿಗೆ ನಂಬುವುದು ಕಷ್ಟ. 1966ರಲ್ಲಿ ಅದೇ ಅಕಾಡೆಮಿ ಹೊರತಂದ ಇನ್ನೊಂದು ವರದಿ, ಹಿಂದಿನ ವರ್ಷ ಅಪಘಾತಗಳಲ್ಲಿ 1,07,000 ಜನ ಸತ್ತರು ಎಂದು ಲೆಕ್ಕ ಕೊಟ್ಟಿತು. ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧವನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳು, 12,000 ಮಂದಿ, ಎಂದೂ ಬರೆಯಿತು. ಕಾರಣ ಇಷ್ಟೇ: ಮನುಷ್ಯನನ್ನು ಉದ್ದಕ್ಕೆ ಮಲಗಿಸಿ ಒಯ್ಯುವ ಗಾಡಿ ಇದ್ದುದು ಅವರ ಹತ್ತಿರ. ಗಾಯಾಳುವನ್ನು ಹೊತ್ತುಹಾಕಿ ವೇಗವಾಗಿ ಓಡಿಸುವುದೇ ಸೇವೆ, ದಾರಿಯಲ್ಲಿ ಪಕ್ಕದಲ್ಲಿ ಕೂತು ನೋಡಿಕೊಳ್ಳುವವರು ಇರುತ್ತಿರಲಿಲ್ಲ. ಅದೇ ವರ್ಷ ಸಫಾರ್ ಅವರ ಪುಟ್ಟ ಮಗಳು ಎಲಿಜಬೆತ್ ಉಬ್ಬಸದ ತೀವ್ರ ದಾಳಿಯಿಂದ ತೀರಿಕೊಂಡಳು. ಜಗತ್ತಿಗೆ ಉಸಿರು ಕೊಡುವುದನ್ನು ಕಲಿಸಿದ ಅಪ್ಪ. ಆಮೇಲೆ ಅವರು ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡ ಕೇರಿಯಲ್ಲಿ, ಕೆಲಸವಿಲ್ಲದ ತರುಣರಿಗೆ 300 ಗಂಟೆ ಪಾಠ ಹೇಳಿ ಆಂಬುಲೆನ್ಸಿನಲ್ಲಿ ಕೂರಿಸುವ ಯೋಜನೆಗೆ ಬೆನ್ನೆಲುಬಾದರು. 1967ರಲ್ಲಿ ಹುಟ್ಟಿದ ಫ್ರೀಡಂ ಹೌಸ್ ಆಂಬುಲೆನ್ಸ್ ಅದು. ವೈದ್ಯನಲ್ಲದವನೂ ಕಲಿತರೆ ಬೀದಿಯಲ್ಲೇ ಜೀವ ಹಿಡಿದಿಡಬಲ್ಲ ಎಂದು ಆ ತರುಣರು ತೋರಿಸಿಕೊಟ್ಟರು. 1975ರಲ್ಲಿ ಅದು ಮುಚ್ಚಿತು. ಅವರ ಕತೆಗೆ ಬೇರೆಯೇ ಬರಹ ಬೇಕು.

ನನ್ನ ದಾರಿ ವರ್ಜೀನಿಯಾ ರಾಜ್ಯದ ಕಡೆಗೆ, ಒಂದು ಹೊಳೆಯ ದಂಡೆಗೆ. 1909ರಲ್ಲಿ ರೋನೋಕ್ ನದಿಯಲ್ಲಿ ಒಂದು ದೋಣಿ ಮಗುಚಿ ಇಬ್ಬರು ಮುಳುಗಿದರು. ದಂಡೆಯ ಮೇಲೆ ಜನ ಇದ್ದರು, ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ನೋಡುತ್ತ ನಿಂತರು. ಆ ಗುಂಪಿನಲ್ಲಿ ಜೂಲಿಯನ್ ವೈಸ್ ಎಂಬ ಒಂಬತ್ತು ವರ್ಷದ ಹುಡುಗನಿದ್ದ. ಆ ಹುಡುಗ ದೊಡ್ಡವನಾಗಿ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ, ಆದರೆ ಕಂಡದ್ದನ್ನು ಮರೆಯಲಿಲ್ಲ. 1928ರಲ್ಲಿ ಜತೆ ಕೆಲಸಗಾರರನ್ನು ಸೇರಿಸಿಕೊಂಡು ರೋನೋಕ್‌ನಲ್ಲಿ ಜೀವರಕ್ಷಣೆಯ ಸ್ವಯಂಸೇವಕ ತಂಡ ಕಟ್ಟಿದ. ಸಂಬಳವಿಲ್ಲ, ಕರೆ ಬಂದರೆ ಓಡುವುದು. ಅಮೆರಿಕದ ಮೊದಲ ಸ್ವಯಂಸೇವಕ ರಕ್ಷಣಾ ತಂಡ ಎಂದು ಅದನ್ನು ಗುರುತಿಸುತ್ತಾರೆ. ಅಲ್ಲಿಂದ ಆ ಸೀಮೆಯ ಊರೂರಲ್ಲಿ ಇಂಥ ತಂಡ ಹುಟ್ಟುವುದು ರೂಢಿಯಾಯಿತು, ನಮ್ಮ ಕಡೆ ಊರೂರಲ್ಲಿ ಭಜನಾ ಮಂಡಳಿ ಇರುವ ಹಾಗೆ.

ರೋನೋಕ್‌ನಿಂದ ಸುಮಾರು 65 ಕಿಲೋಮೀಟರ್ ದೂರದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವಿದೆ. 1969ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮದೇ ರಕ್ಷಣಾ ತಂಡ ಕಟ್ಟಿದರು. ವಿದ್ಯಾರ್ಥಿಗಳೇ ನಡೆಸುವ ಕ್ಯಾಂಪಸ್ ತಂಡಗಳಲ್ಲಿ ಆ ದೇಶದಲ್ಲೇ ತೀರ ಹಳೆಯವುಗಳ ಸಾಲಿಗೆ ಸೇರಿದ್ದು. ಅದೇ 1969ರಲ್ಲಿ ಜಾನ್ಸ್ ಹಾಪ್ಕಿನ್ಸ್ 83 ವರ್ಷದ ಎಂಜಿನಿಯರ್ ಕೌವೆನ್‌ಹೋವೆನ್ ಅವರಿಗೆ ಗೌರವ ಎಂ.ಡಿ. ಪದವಿ ಕೊಟ್ಟಿತು. ವೈದ್ಯರಲ್ಲದವರ ಕೈಯನ್ನು ವೈದ್ಯಲೋಕ ಒಪ್ಪಿಕೊಂಡ ವರ್ಷವೇ ವೈದ್ಯರಲ್ಲದ ಹುಡುಗರು ಆಂಬುಲೆನ್ಸ್ ಹತ್ತಿದರು. ಇವೆರಡಕ್ಕೂ ನೇರ ಸಂಬಂಧವಿಲ್ಲ ಎಂದು ಗೊತ್ತು. ಆದರೂ ಎರಡನ್ನೂ ಒಂದೇ ಪುಟದಲ್ಲಿ ಬರೆಯುವಾಗ ಸಂತೋಷವಾಗುತ್ತದೆ.

ಕ್ಯಾಂಪಸ್ಸಿಗೆ ಯಾಕೆ ತನ್ನದೇ ತಂಡ ಬೇಕು ಎಂಬುದು ಅಲ್ಲಿ ಒಂದು ರಾತ್ರಿ ಕಳೆದವರಿಗೆ ಅರ್ಥವಾದೀತು. ಸಾವಿರಾರು ತರುಣರು ಒಂದೇ ಕಡೆ ಉಣ್ಣುತ್ತಾರೆ, ಆಡುತ್ತಾರೆ, ನಿದ್ದೆಗೆಡುತ್ತಾರೆ. ಊರಿನ ಆಂಬುಲೆನ್ಸ್ ಗೇಟು ದಾಟಿ ಬಂದು ಆ ಹಾಸ್ಟೆಲ್ ಯಾವುದು, ಆ ಮೆಟ್ಟಿಲು ಎಲ್ಲಿದೆ ಎಂದು ಕೇಳುತ್ತ ನಿಲ್ಲಬೇಕು. ಅಲ್ಲೇ ಓದುವ ಹುಡುಗಿಗೆ ಯಾವ ಕಟ್ಟಡದ ಹಿಂಬಾಗಿಲು ರಾತ್ರಿ ತೆರೆದಿರುತ್ತದೆ, ಯಾವ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ ಎಂಬುದು ಬಾಯಿಪಾಠ. ಆಕೆ ಸುಮಾರು 150 ಗಂಟೆಯ ತುರ್ತು ಚಿಕಿತ್ಸೆಯ ಪಾಠ ಮುಗಿಸಿ, ಪರೀಕ್ಷೆ ಬರೆದು, ಪರವಾನಗಿ ಪಡೆದಿರುತ್ತಾಳೆ. ತಂಡದ ಮೇಲೆ ಒಬ್ಬ ವೈದ್ಯರ ಹೊಣೆ ಇರುತ್ತದೆ. ಏನು ಮಾಡಬಹುದು, ಏನು ಕೂಡದು ಎಂಬ ಗೆರೆ ಸ್ಪಷ್ಟ. ಸೊಂಟದಲ್ಲಿ ರೇಡಿಯೋ, ಚೀಲದಲ್ಲಿ ಆಮ್ಲಜನಕ, ಬ್ಯಾಂಡೇಜು, ಮೂಳೆ ಕಟ್ಟುವ ಪಟ್ಟಿ, ಮತ್ತು ಒಂದು ಡಿಫಿಬ್ರಿಲೇಟರ್. 90 ಕಿಲೋ ತೂಗುತ್ತಿದ್ದ ಆ ಯಂತ್ರ ಈಗ ಕೈಚೀಲದಷ್ಟಾಗಿದೆ, ಎಲ್ಲಿ ಅಂಟಿಸಬೇಕು, ಯಾವಾಗ ಒತ್ತಬೇಕು ಎಂದು ತಾನೇ ಬಾಯಿಬಿಟ್ಟು ಹೇಳುತ್ತದೆ.

ಕರೆಗಳಲ್ಲಿ ಹೃದಯಸ್ತಂಭನ ಅಪರೂಪ. ಕುಡಿದು ಪ್ರಜ್ಞೆ ತಪ್ಪಿದವನು, ಮೈದಾನದಲ್ಲಿ ಪಾದ ಉಳುಕಿಸಿಕೊಂಡವಳು, ಊಟದಲ್ಲಿ ಕಡಲೆಕಾಯಿ ಸೇರಿ ಗಂಟಲು ಊದಿಕೊಂಡವನು, ಉಬ್ಬಸ, ಅಪಸ್ಮಾರ, ಪರೀಕ್ಷೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಂಡು ಸಾಯುತ್ತೇನೆಂದು ನಡುಗುವವನು. ಕೊನೆಯವನಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ನಾಡಿ ಹಿಡಿದು ಮೆಲ್ಲಗೆ ಮಾತಾಡುವ ಓರಗೆಯವರೊಬ್ಬರು. ಸೈರನ್ನಿನ ಸದ್ದಿನಷ್ಟೇ ಬೆಲೆ ಆ ಮಾತಿಗೂ ಇದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ಕಾರಣ ದುಡ್ಡು. ಅಮೆರಿಕದಲ್ಲಿ ಆಂಬುಲೆನ್ಸ್ ಹತ್ತಿದರೆ ಆಮೇಲೆ ಬಿಲ್ ಬರುತ್ತದೆ. ನಮ್ಮ ಕಡೆಯಿಂದ ಸಾಲ ಮಾಡಿ ಹೋಗಿ ಓದುವ ಮಕ್ಕಳು ಆ ಅಂಜಿಕೆಯಿಂದಲೇ ಹೊಟ್ಟೆನೋವು ಕಚ್ಚಿಕೊಂಡು ಬೆಳಗು ಮಾಡಿದ್ದನ್ನು ಅಲ್ಲಿ ಮಕ್ಕಳಿರುವ ತಾಯ್ತಂದೆ ಬಲ್ಲರು. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಶುರುವಾದ ವಿದ್ಯಾರ್ಥಿ ತಂಡ ಪುಕ್ಕಟೆಯಾಗಿ ಆಂಬುಲೆನ್ಸ್ ಓಡಿಸಿದ್ದು ಹಾಗಾಗಿ ದೊಡ್ಡ ಸಂಗತಿ. ದುಡ್ಡಿನ ಜತೆ ಶಿಕ್ಷೆಯ ಭಯವೂ ಇತ್ತು. ಇಪ್ಪತ್ತೊಂದು ತುಂಬದವರು ಕುಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ. ಗೆಳೆಯ ಮಿತಿಮೀರಿ ಕುಡಿದು ಬಿದ್ದರೆ ಜತೆಗಾರರು ಫೋನ್ ಮಾಡಲು ಹೆದರುತ್ತಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ, ಸಹಾಯಕ್ಕೆ ಕರೆದವರಿಗೂ ಬಿದ್ದವರಿಗೂ ಶಿಸ್ತುಕ್ರಮ ಇಲ್ಲ ಎಂಬ ನಿಯಮ ತಂದಿತು. ಕರೆಗಳು ಹೆಚ್ಚಿದವು. ಹೀಗೆ ಒಂದು ಕಡೆಯದು ಇನ್ನೊಂದು ಕಡೆಗೆ ಹಬ್ಬಿತು. 1993ರಲ್ಲೇ ಈ ತಂಡಗಳಿಗೆಲ್ಲ ಒಂದು ರಾಷ್ಟ್ರೀಯ ಒಕ್ಕೂಟವೂ ಆಗಿತ್ತು. ಇಂದು ಉತ್ತರ ಅಮೆರಿಕದಲ್ಲಿ ಇಂಥ ತಂಡಗಳು ಇನ್ನೂರಕ್ಕೂ ಹೆಚ್ಚು.

ಇವುಗಳ ಬಗ್ಗೆ ಓದುವಾಗ ನನಗೆ ಅತಿ ಸೋಜಿಗವೆನಿಸಿದ್ದು ಬೇರೆ. ನಾಲ್ಕು ವರ್ಷಕ್ಕೊಮ್ಮೆ ಪೂರಾ ಖಾಲಿಯಾಗುವ ಸಂಸ್ಥೆ ಇದು. ಕೆಲಸ ಪಳಗುವ ಹೊತ್ತಿಗೆ ಪದವಿ ಮುಗಿಯುತ್ತದೆ, ಕೈ ಕುದುರಿದವರು ಊರು ಬಿಡುತ್ತಾರೆ. ಬೇರೆ ಯಾವ ಸಂಘವಾದರೂ ಹೀಗೆ ಆದರೆ ಎರಡು ವರ್ಷದಲ್ಲಿ ಬೀಗ ಬೀಳುತ್ತದೆ. ಇವು ಉಳಿದಿರುವುದು ಎರಡನೆಯ ವರ್ಷದವರು ಮೊದಲನೆಯ ವರ್ಷದವರಿಗೆ ಬಿಡದೆ ಕಲಿಸುವುದರಿಂದ. ವಾರವಾರವೂ ಅದೇ ಗೊಂಬೆ, ಅದೇ ಎಣಿಕೆ. ಆ ಗೊಂಬೆಯನ್ನು 1960ರಲ್ಲಿ ಮಾಡಿದ್ದು ನಾರ್ವೆಯ ಸ್ಟಾವಂಗರ್ ಪಟ್ಟಣದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿದವಳೆಂದು ಹೇಳುವ, ಹೆಸರು ಗೊತ್ತಿಲ್ಲದ ಹುಡುಗಿಯೊಬ್ಬಳ ಮುಖದಚ್ಚನ್ನು ಅದಕ್ಕೆ ಇಟ್ಟರು. ಹೊಳೆದಂಡೆಯಲ್ಲಿ ಸುಮ್ಮನೆ ನಿಂತವರನ್ನು ಕಂಡ ವೈಸ್‌ನ ನಾಡಿನಲ್ಲೂ ಹುಡುಗರು ಕಲಿಯುವುದು ಹೊಳೆಯ ಹುಡುಗಿಯ ಮುಖದ ಗೊಂಬೆಯ ಮೇಲೆ. ಮಾಸ್‌ಗೆ ಸಿಗದಿದ್ದ ಶಿಷ್ಯರು ಇವರು.

2007ರ ಏಪ್ರಿಲ್ 16, ಸೋಮವಾರ. ಬೆಳಿಗ್ಗೆ 7:21ಕ್ಕೆ ವರ್ಜೀನಿಯಾ ಟೆಕ್ ತಂಡಕ್ಕೆ ಬಂದ ಕರೆ ಮಾಮೂಲಿನದಾಗಿತ್ತು: ಹಾಸ್ಟೆಲ್ಲಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಎತ್ತರದ ಮಂಚದಿಂದ ಬಿದ್ದಿರಬಹುದು. ಐದು ನಿಮಿಷದಲ್ಲಿ ಅವರು ಕಟ್ಟಡದ ಮುಂದಿದ್ದರು. ಒಳಗೆ ಇಬ್ಬರಿಗೆ ಗುಂಡೇಟು ಬಿದ್ದಿತ್ತು. ಅದಾಗಿ ಎರಡು ತಾಸಿಗೆ ನಾರಿಸ್ ಹಾಲ್ ಎಂಬ ಕಟ್ಟಡದ ತರಗತಿಗಳಲ್ಲಿ ಮತ್ತೆ ಗುಂಡು. ಆ ದಿನ ಕೊಲೆಯಾದವರು 32 ಮಂದಿ. ಭಾರತದಿಂದ ಹೋಗಿ ಅಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಅವರಲ್ಲಿ ಒಬ್ಬರು. ಗಾಳಿ ಎಷ್ಟು ಜೋರಾಗಿತ್ತೆಂದರೆ ಹೆಲಿಕಾಪ್ಟರ್ ಏರುವಂತಿರಲಿಲ್ಲ; ಗಾಯಾಳುಗಳು ನೆಲದ ಮೇಲೆಯೇ ಹೋಗಬೇಕಿತ್ತು. ಗುಂಡೇಟಿನಿಂದ ತೊಡೆಯ ರಕ್ತನಾಳ ಹರಿದಿದ್ದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿದ್ದ ವಿದ್ಯುತ್ ವೈರನ್ನು ತಾನೇ ಬಿಗಿದು ಕಟ್ಟಿಕೊಂಡು ಬದುಕಿದ. ಹೊರಗೆ, ತಮ್ಮ ತರಗತಿಯವರನ್ನು, ತಮ್ಮ ಹಾಸ್ಟೆಲ್ಲಿನವರನ್ನು, ಯಾರಿಗೆ ಮೊದಲು ಯಾರಿಗೆ ಆಮೇಲೆ ಎಂದು ವಿಂಗಡಿಸಿ ಆಂಬುಲೆನ್ಸ್ ಹತ್ತಿಸಿದವರಲ್ಲಿ ಅಲ್ಲಿನ ವಿದ್ಯಾರ್ಥಿಗಳಿದ್ದರು. ಇಪ್ಪತ್ತರ ಆಸುಪಾಸಿನವರು. ಆಮೇಲೆ ರಾಜ್ಯ ನೇಮಿಸಿದ ಪರಿಶೀಲನಾ ಸಮಿತಿ ಹಲವರ ಮೇಲೆ ಕಟುವಾದ ಪ್ರಶ್ನೆ ಎತ್ತಿತು. ತುರ್ತು ಚಿಕಿತ್ಸೆಯ ಕೆಲಸವನ್ನು ಮಾತ್ರ ಮನಸಾರೆ ಮೆಚ್ಚಿತು.

ನಮ್ಮಲ್ಲಿ 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ. ಅದಕ್ಕೆ ಫೋನ್ ಮಾಡುವುದು ಹಳ್ಳಿಯ ಅಜ್ಜಿಗೂ ಗೊತ್ತು. ಆದರೆ ಫೋನ್ ಇಟ್ಟ ಮೇಲಿನ ನಿಮಿಷಗಳು? ಯಾರಾದರೂ ಕುಸಿದರೆ ಸುತ್ತ ಜನ ಸೇರುತ್ತಾರೆ. ಗಾಳಿ ಬಿಡಿ ಅನ್ನುತ್ತಾರೆ, ನೀರು ಚಿಮುಕಿಸುತ್ತಾರೆ, ಕೈಗೆ ಕಬ್ಬಿಣ ಕೊಡಿ ಎಂದು ಬೀಗದ ಕೈ ಗೊಂಚಲು ತುರುಕುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಕರುಣೆಗೆ ಕೊರತೆಯಿಲ್ಲ, ಪ್ರತಿಯೊಬ್ಬರಿಗೂ ಏನಾದರೂ ಮಾಡಬೇಕೆಂಬ ತಹತಹ ಇದೆ. ರೋನೋಕ್ ನದಿಯ ದಂಡೆಯ ಜನರಿಗೂ ಅದು ಇದ್ದಿರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ನಾಡೇ ಎದೆ ಮುಟ್ಟಿಕೊಂಡಿತು, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ತನ್ನ ಎದೆ ತೋರಿಸಿಕೊಳ್ಳಲು ಬಂದವರಿಗೆಲ್ಲ, ಪಕ್ಕದವನ ಎದೆ ಹೇಗೆ ಒತ್ತುವುದೆಂದು ಅದೇ ಸಾಲಿನಲ್ಲಿ ಹತ್ತು ನಿಮಿಷ ಕಲಿಸಿದ್ದರೆ ಎಂದು ನಾನು ಆಗ ಯೋಚಿಸಿದ್ದೆ, ಈಗಲೂ ಯೋಚಿಸುತ್ತೇನೆ. ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟ ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್. ಊರಾಚೆ ಕಟ್ಟಿದ ನಮ್ಮ ಕ್ಯಾಂಪಸ್‌ಗಳಲ್ಲಿ, ದೊಡ್ಡಾಸ್ಪತ್ರೆಯ ದೂರವನ್ನು ನಾಲ್ಕೈದು ನಿಮಿಷದ ಲೆಕ್ಕಕ್ಕೆ ತರಬಲ್ಲವರು ಹಾಸ್ಟೆಲ್ಲಿನ ಪಕ್ಕದ ಕೋಣೆಯ ಹುಡುಗರು, ಹುಡುಗಿಯರು.

ಕಲಿಸುವ ದಾರಿ ನಮ್ಮಲ್ಲೂ ಇದೆ. ಭಾರತೀಯ ಅರಿವಳಿಕೆ ತಜ್ಞರ ಸಂಘ ಹುಟ್ಟುಹಾಕಿದ ಪುನಶ್ಚೇತನ ಮಂಡಳಿ ಜನಸಾಮಾನ್ಯರಿಗೆಂದೇ ಸರಳ ವಿಧಾನವೊಂದನ್ನು ರೂಪಿಸಿದೆ. ಬಾಯಿಗೆ ಬಾಯಿಡುವ ಅಳುಕೂ ಬೇಡ, ಬರೀ ಎದೆ ಒತ್ತಿದರೆ ಸಾಕು. ಭುಜ ತಟ್ಟಿ ಕೂಗಿ ನೋಡಿ. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಬಾಯಿಗೆ ನೀರು ಬೇಡ. ಎದೆಯ ನಡುವೆ, ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ಮೈಭಾರ ಬಿಟ್ಟು, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರಾ ಮೇಲೇಳಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು.

ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಎಂಥ ಗಟ್ಟಿಗನದ್ದೂ. ಅದಕ್ಕೇ ಗೊಂಬೆಯ ಎದುರಿನ ಪಾಠದಲ್ಲಿ ಇದನ್ನೂ ಕಲಿಸುತ್ತಾರೆ: ಒತ್ತುತ್ತಿರುವವರು ಗಟ್ಟಿಯಾಗಿ ಎಣಿಸುತ್ತಿರಬೇಕು, ಇನ್ನೊಬ್ಬರು ಎದುರುಬದಿಗೆ ಮಂಡಿಯೂರಿ ಆ ಎಣಿಕೆಗೆ ದನಿ ಸೇರಿಸಬೇಕು, ಒಬ್ಬರ ಕೈ ಮೇಲೇಳುತ್ತಿದ್ದಂತೆ ಇನ್ನೊಬ್ಬರ ಕೈ ಅದೇ ಜಾಗಕ್ಕೆ ಇಳಿಯಬೇಕು, ಎಣಿಕೆ ತಪ್ಪಬಾರದು.